ಏಳು ಹೆಣ್ಣು ನಾಯಿಯಲ್ಲಿ ನಷ್ಟ, ಮೂರರಲ್ಲಿ ಲಾಭ: ನನ್ನ ಅನುಭವ

ನಾಯಿಮರಿ ಸಾಕಿ ಮಾರುವುದು ನನ್ನ ಕಸುಬು. ಏಳು ಹೆಣ್ಣು ನಾಯಿಗಳಿದ್ದ ಕಾಲದಲ್ಲಿ ವರ್ಷದ ಕೊನೆಗೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೂರಕ್ಕೆ ಇಳಿಸುತ್ತೇನೆ, ಒಂದೊಂದಕ್ಕೂ ವರ್ಷಕ್ಕೆ ಒಂದೇ ಸೂಲು, ಹತ್ತು ವಾರ ತುಂಬದೆ ಮರಿ ಕೊಡಲ್ಲ ಅಂದಾಗ ಈ ಕಸುಬಿನ ಗೆಳೆಯರೆಲ್ಲ "ಮನೆ ಮಠ ಕಳ್ಕೋತೀಯ" ಅಂದರು. ಈಗ ನಾಲ್ಕನೇ ವರ್ಷ. ಹುಟ್ಟುವ ಮೊದಲೇ ನನ್ನ ಮರಿಗಳು ಬುಕ್ ಆಗುತ್ತಿವೆ.

ಮೊದಲು ಕೆಟ್ಟ ಕಥೆ. ಅಗ್ಗಕ್ಕೆ ಸಿಕ್ಕಿತು ಅಂತ ಒಂದು ದೊಡ್ಡ ಮರಿ ಫಾರ್ಮಿನಿಂದ ನಾಲ್ಕು ತಿಂಗಳ ಲ್ಯಾಬ್ರಡಾರ್ ಹೆಣ್ಣು ತಂದೆ. ಬೇರೆ ಕಟ್ಟದೆ ನೇರವಾಗಿ ಶೆಡ್ಡಿಗೆ ಬಿಟ್ಟೆ. ವಾರದಲ್ಲಿ ಪಾರ್ವೋ, ಅಂದರೆ ವಾಂತಿ-ಭೇದಿಯಿಂದ ಮರಿಗಳನ್ನು ಕೊಲ್ಲುವ ವೈರಸ್ ರೋಗ. ಎರಡು ಸೂಲಿನದು ಸೇರಿ ಸುಮಾರು 15 ಮರಿ ಇದ್ದವು, ಉಳಿದಿದ್ದು 4. ಹಿಂದಿನ ವರ್ಷ ದುಡಿದಿದ್ದೆಲ್ಲ ಡ್ರಿಪ್ಪಿಗೇ ಹೋಯಿತು. ಫಿನಾಯಿಲ್ ಹಾಕಿ ತೊಳೆದೆ, ಪಾರ್ವೋ ಅದಕ್ಕೆ ಜಗ್ಗಲಿಲ್ಲ. ಮುಂದಿನ ಸೂಲಿಗೂ ತಗುಲಿತು. ಆಮೇಲೆ ಕೊಳೆಯನ್ನೆಲ್ಲ ಉಜ್ಜಿ ತೆಗೆದು, 1 ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ, ನೆಲವನ್ನು ಹತ್ತು ನಿಮಿಷ ಒದ್ದೆಯಾಗೇ ಬಿಟ್ಟೆ. ಮಣ್ಣಿನ ಅಂಗಳಕ್ಕೆ ಅದು ನಾಟುವುದಿಲ್ಲ. ಅಲ್ಲಿಗೆ ಒಂದು ವರ್ಷ ಮರಿಗಳನ್ನು ಬಿಡಲೇ ಇಲ್ಲ.

ಇನ್ನೊಂದು ತಪ್ಪು ಇವತ್ತಿಗೂ ಕಣ್ಣ ಮುಂದಿದೆ. ಗುಂಪಿನಿಂದ ಆಚೆ ಸರಿದು ತಣ್ಣಗಾಗಿದ್ದ ಎರಡು ದಿನದ ಮರಿಗೆ ಗಾಬರಿಯಲ್ಲಿ ಬಾಟಲಿ ಹಾಲು ಕುಡಿಸಿದೆ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಸತ್ತಿತ್ತು. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡಲ್ಲ. ಈಗ ಮೊದಲು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಕೂರುತ್ತೇನೆ, ಒಂದು ಗಂಟೆಯಾದರೂ ಸರಿ. ಮರಿ ಮೂತಿ ಆಡಿಸಿ ಮೊಲೆ ಹುಡುಕಲು ಶುರು ಮಾಡಿದ ಮೇಲೇ ಹಾಲು.

ತೂಕದ ಪುಸ್ತಕವೇ ನನ್ನನ್ನು ಉಳಿಸಿದ್ದು. ಒಂದೊಂದು ಮರಿಗೆ ಒಂದೊಂದು ಬಣ್ಣದ ಉಣ್ಣೆ ದಾರ, ದಿನಕ್ಕೆ ಎರಡು ಸಲ ತಕ್ಕಡಿ. ಹುಟ್ಟಿದಾಗ 400 ಗ್ರಾಂ ಇದ್ದದ್ದು ಹತ್ತು ದಿನಕ್ಕೆ ಹತ್ತಿರ ಹತ್ತಿರ ದುಪ್ಪಟ್ಟಾಗಬೇಕು. ಒಂದು ದಿನ ತೂಕ ನಿಂತರೂ ಆ ಮರಿಯನ್ನು ಹಿಂದಿನ ಮೊಲೆಗೆ ಹಚ್ಚುತ್ತೇನೆ, ಅಲ್ಲೇ ಹಾಲು ಜಾಸ್ತಿ. ಕಳೆದ ಮೂರು ಸೂಲಿನ 23 ಮರಿಗಳಲ್ಲಿ ಕಳೆದುಕೊಂಡಿದ್ದು ಒಂದೇ. ಇಷ್ಟು ಕಡಿಮೆ ಸಾವು ನನ್ನ ಗೆಳೆಯರಲ್ಲಿ ಯಾರದ್ದೂ ಇಲ್ಲ.

ಮೊದಲೆಲ್ಲ ಬೆದೆಯ ದಿನ ಎಣಿಸಿ 11ಕ್ಕೆ, 13ಕ್ಕೆ ಗಂಡು ಬಿಡುತ್ತಿದ್ದೆ. ಮೂರರಲ್ಲಿ ಒಂದು ಖಾಲಿ ಹೋಗುತ್ತಿತ್ತು. ಗಂಡು ಬಿಡುವ ಸರಿಯಾದ ದಿನ ತಿಳಿಸುವ ರಕ್ತಪರೀಕ್ಷೆ, ಪ್ರೊಜೆಸ್ಟರಾನ್ ಟೆಸ್ಟ್, ದುಬಾರಿ ಅಂತ ಮಾಡಿಸುತ್ತಿರಲಿಲ್ಲ. ಮಾಡಿಸಿದ ಮೇಲೇ ಗೊತ್ತಾಗಿದ್ದು, ನನ್ನ ಒಂದು ನಾಯಿ ಹದಕ್ಕೆ ಬರುವುದು 18ನೇ ದಿನಕ್ಕೆ! ನಾಲ್ಕು ಟೆಸ್ಟಿನ ಖರ್ಚು ಅರ್ಧ ಮರಿಯ ಬೆಲೆ ದಾಟಲ್ಲ. ಖಾಲಿ ಹೋದರೆ ಇಡೀ ಸೂಲೇ ಹೋದಂತೆ ಅಲ್ವಾ?

ಹಾಲು ಹೆಚ್ಚಲಿ ಅಂತ ಗಬ್ಬದ ನಾಯಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟು ನೋಡಿದ್ದೂ ಉಂಟು. ಮರಿ ಹಾಕಿದ ಮೂರನೇ ವಾರ ಆ ನಾಯಿ ಗಡಗಡ ನಡುಗಿ ಬಿದ್ದುಬಿಟ್ಟಿತು. ಹೊರಗಿನಿಂದ ಕೊಟ್ಟಾಗ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದನ್ನು ಮೈ ಮರೆತಿರುತ್ತದಂತೆ. ಡಾಕ್ಟರು ನಿಧಾನವಾಗಿ ನರಕ್ಕೆ ಕ್ಯಾಲ್ಸಿಯಂ ಕೊಟ್ಟು ಉಳಿಸಿದರು. ಮರಿಗಳಿಗೆ ಸದ್ದು ರೂಢಿಯಾಗಲಿ ಅಂತ ಗುಡುಗಿನ ರೆಕಾರ್ಡಿಂಗ್ ಹಾಕಿದ್ದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ನಾಲ್ಕನೇ ವಾರದಿಂದ ಊಟದ ಹೊತ್ತಿಗೆ ಸಣ್ಣಗೆ ಹಾಕುತ್ತೇನೆ. ನನ್ನ ಮರಿಗಳು ಸದ್ದಿಗೆ ಬೆದರಲ್ಲ.

ಲೆಕ್ಕ ಹೀಗಿದೆ. ಎಂಟು ಮರಿಯಾದರೆ ಮೂರರ ಹಣ ಆಹಾರ, ಜಂತುಹುಳು ಔಷಧಿ, ಲಸಿಕೆಗೆ. ಒಂದರದ್ದು ಗಂಡಿಗೆ ಮತ್ತು ಟೆಸ್ಟುಗಳಿಗೆ. ಒಂದರದ್ದು ತಾಯಿಯ ವರ್ಷದ ಖರ್ಚಿಗೆ. ಉಳಿಯುವುದು ಮೂರು. ಸಿಸೇರಿಯನ್ ಆದರೆ ಒಂದೇ. ಫಾರ್ಮಿನಲ್ಲಿ ಅರ್ಧ ಬೆಲೆಗೆ ಸಿಗುತ್ತಲ್ಲ ಅಂತ ಬಂದವರು ಕೇಳುತ್ತಾರೆ. ನಾನು ತಾಯಿಯನ್ನು ಎದುರಿಗೆ ತಂದು ನಿಲ್ಲಿಸುತ್ತೇನೆ, ಅದರ ಕೀಲು ಸರಿಯಿದೆ ಅಂತ ತೋರಿಸುವ ಸೊಂಟದ ಎಕ್ಸ್‌ರೇ ಮತ್ತು ಮರಿಗಳ ತೂಕದ ಪುಸ್ತಕ ಕೈಗೆ ಕೊಡುತ್ತೇನೆ. ಚೌಕಾಸಿ ಅಲ್ಲಿಗೇ ನಿಲ್ಲುತ್ತದೆ.

ಮರಿ ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಉತ್ತರ ಕಲಿತುಕೊಂಡೇ ಬರುತ್ತಾರೆ.

ಮೂರನೇ ನಾಯಿಗೆ ಇವತ್ತು ಗಬ್ಬದ 58ನೇ ದಿನ. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಇಡುತ್ತಿದ್ದೇನೆ. ಹೆರಿಗೆಗೆ ಸುಮಾರು ಒಂದು ದಿನ ಮೊದಲು ಮೈ ಶಾಖ ಇಳಿಯುತ್ತದೆ. ಬೆಳಿಗ್ಗೆ 37.8 ಡಿಗ್ರಿ ಸೆಲ್ಸಿಯಸ್ ಇತ್ತು. 37ಕ್ಕಿಂತ ಕೆಳಗಿಳಿದ ದಿನ ಅದು ಮರಿ ಹಾಕುವ ಪೆಟ್ಟಿಗೆಯ ಪಕ್ಕದಲ್ಲೇ ನನ್ನ ಹಾಸಿಗೆ.