ಟವರ್ ಸ್ಪೀಕರ್ ತರುವ ಮೊದಲು ಚಾವಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ನೆಂಟರೊಬ್ಬರಿದ್ದಾರೆ. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಹೊಸ ಟೆರೇಸು ಮನೆ ಕಟ್ಟಿಸಿದರು. ಅದರ ಚಾವಡಿಗೆ ಎದೆಯೆತ್ತರದ ಒಂದು ಜೋಡಿ ಟವರ್ ಸ್ಪೀಕರ್ ಬಂತು. ಎರಡು ತಿಂಗಳಲ್ಲಿ ಫೋನು. "ಬಾವ, ಎರಡೂವರೆ ಲಕ್ಷ ಹಾಕಿದ್ದು. ಭಾಗವತರ ಪದ್ಯದ ಒಂದು ಅಕ್ಷರ ಸರಿ ಕೇಳುವುದಿಲ್ಲ, ಬರೀ ಗುಂಯ್ ಅನ್ನುತ್ತದೆ. ಇದನ್ನು ಕೊಟ್ಟು ಇನ್ನೂ ದೊಡ್ಡದು ತರುವುದಾ?"

ಹೋಗಿ ನೋಡಿದೆ. ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಬಾವಿಯೊಳಗೆ ತಟ್ಟಿದ ಹಾಗೆ ಟ್ರ್ರಿಂಗ್ ಅಂತ ಅನುರಣಿಸಿತು. ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಗೆ ಪುಟ್ಟಿ, ಮೇಲೆ ಕಾಂಕ್ರೀಟು, ಒಂದು ಪಕ್ಕ ಪೂರ್ತಿ ಗಾಜು. ಪರದೆ ಇಲ್ಲ, ಚಾಪೆ ಇಲ್ಲ. ಸ್ಪೀಕರ್ ಎರಡೂ ಮೂಲೆಗೆ ಒತ್ತಿಕೊಂಡು ದ್ವಾರಪಾಲಕರ ಹಾಗೆ ನಿಂತಿವೆ. ಸ್ಪೀಕರ್‌ನದ್ದು ಏನೂ ತಪ್ಪಿರಲಿಲ್ಲ, ಪಾಪ.

ಹಾಗಾಗಿ ದೊಡ್ಡ ಸ್ಪೀಕರ್ ಕೊಳ್ಳುವ ಕೆಲಸ ಮನೆಯಿಂದಲೇ ಶುರುವಾಗಬೇಕು ಅನ್ನುವವನು ನಾನು.

ಮೊದಲು ಟೇಪು ಹಿಡಿಯಿರಿ

ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಮೀಟರಿನಲ್ಲಿ ಬರೆದುಕೊಳ್ಳಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಆ 345ನ್ನು ಕೋಣೆಯ ಅಳತೆಯ ಎರಡು ಪಟ್ಟಿನಿಂದ ಭಾಗಿಸಿ. ಉದ್ದ 16 ಅಡಿ ಅಂದರೆ ಹೆಚ್ಚುಕಡಿಮೆ 4.9 ಮೀಟರ್. ಉತ್ತರ 35 ಹರ್ಟ್ಸ್, ಅಂದರೆ ಸೆಕೆಂಡಿಗೆ 35 ಕಂಪನ; ಅಂಕಿ ಇಳಿದಷ್ಟೂ ಸ್ವರ ಆಳ. ಅಗಲ 12 ಅಡಿ ಆದರೆ 47 ಹರ್ಟ್ಸ್. ಈ ಸ್ವರಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಬಿದ್ದು ಉಬ್ಬುತ್ತವೆ. ಗುಂಯ್ ಅನ್ನುವುದು ಇದೇ. ಚೌಕದ ಕೋಣೆಯಲ್ಲಿ ಉದ್ದ, ಅಗಲ ಎರಡರ ಉಬ್ಬೂ ಒಂದೇ ಜಾಗದಲ್ಲಿ ಬೀಳುತ್ತದೆ, ಕಷ್ಟ ಜಾಸ್ತಿ. ಅಂಥ ಕೋಣೆಯಲ್ಲಿ ದೊಡ್ಡ ಟವರ್ ಇಟ್ಟರೆ ದುಡ್ಡು ಕೊಟ್ಟು ಗುಂಯ್ ತಂದ ಹಾಗೆ.

ಹಳೆಯ ಮನೆಯವರು ಇಲ್ಲಿ ಪುಣ್ಯವಂತರು. ಕೆಂಪುಕಲ್ಲಿನ ಒರಟು ಗೋಡೆ, ಮರದ ಮುಚ್ಚಿಗೆ, ಸಾಲು ಕಿಟಕಿ, ತುಂಬಿದ ಪುಸ್ತಕದ ಕಪಾಟು. ಶಬ್ದ ಅಲ್ಲಿ ಚದುರುತ್ತದೆ, ಸ್ವಲ್ಪ ಹೊರಗೂ ಹೋಗುತ್ತದೆ. ಕಷ್ಟ ಒಂದೇ. ಆಟಿ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವಾಗ ಎಷ್ಟು ಲಕ್ಷದ ಸ್ಪೀಕರ್ ಆದರೂ ತಂಬೂರಿ ಕೇಳುವುದಿಲ್ಲ.

ನಿಮ್ಮದು ಟೆರೇಸು ಮನೆಯಾದರೆ ಸ್ಪೀಕರ್ ಬಜೆಟ್ಟಿನ ಹತ್ತರಲ್ಲಿ ಒಂದು ಪಾಲು ಕೋಣೆಗೆ ತೆಗೆದಿಡಿ. ಸ್ಪೀಕರ್ ಮತ್ತು ನೀವು ಕೂರುವ ಜಾಗದ ನಡುವೆ ದಪ್ಪ ಜಮಖಾನ, ಗಾಜಿಗೆ ಮಡಿಕೆ ಮಡಿಕೆಯಾದ ಭಾರದ ಪರದೆ, ಬೆನ್ನ ಹಿಂದೆ ಪುಸ್ತಕ. ಎರಡು ಬದಿ ಗೋಡೆಯಲ್ಲಿ ಶಬ್ದ ಮೊದಲು ಬಡಿಯುವ ಜಾಗ ಹುಡುಕಲು ಒಬ್ಬರು ಕೈಗನ್ನಡಿಯನ್ನು ಗೋಡೆಗೆ ಒತ್ತಿ ಸರಿಸುತ್ತಾ ಹೋಗಲಿ. ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಮೆತ್ತನೆಯದು ಏನಾದರೂ ಬರಬೇಕು.

ನಮ್ಮ ಹಾಡಿಗೆ ಎಷ್ಟು ಆಳ ಬೇಕು?

ಅಂಗಡಿಯವರು "ಇದು 28 ಹರ್ಟ್ಸ್‌ವರೆಗೆ ಇಳಿಯುತ್ತದೆ" ಅನ್ನುತ್ತಾರೆ. ಪಿಯಾನೋದ ಎಡತುದಿಯ ಮನೆ 27.5 ಹರ್ಟ್ಸ್, ಬಾಸ್ ಗಿಟಾರಿನ ದಪ್ಪ ತಂತಿ 41. ಕಪ್ಪು ಒಂದರಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 138, ಅವರ ತಂಬೂರಿಯ ಖರಜ, ಅಂದರೆ ಕೆಳಗಿನ ಷಡ್ಜ, 69. ಶಾಸ್ತ್ರೀಯ ಸಂಗೀತ, ಯಕ್ಷಗಾನ, ಹಳೆ ಸಿನಿಮಾ ಹಾಡು ಇಷ್ಟೇ ಕೇಳುವವರಿಗೆ 40 ಹರ್ಟ್ಸ್‌ವರೆಗೆ ಶುದ್ಧವಾಗಿ ಇಳಿಯುವ ಸ್ಪೀಕರ್ ಧಾರಾಳ ಸಾಕು. ಅದಕ್ಕಿಂತ ಕೆಳಗಿನದ್ದಕ್ಕೆ ಕೊಡುವ ಲಕ್ಷ ನಿಮ್ಮ ಕಿವಿಗೆ ಬರುವುದೇ ಇಲ್ಲ. ಹೊಸ ಸಿನಿಮಾ, ಪೈಪ್ ಆರ್ಗನ್, ಎಲೆಕ್ಟ್ರಾನಿಕ್ ಸಂಗೀತದ ಹುಚ್ಚಿದ್ದವರ ಲೆಕ್ಕ ಬೇರೆ.

ನಮಗೆ ನಿಜವಾದ ಪರೀಕ್ಷೆ ಚೆಂಡೆ. ಅದರ ಪೆಟ್ಟು ಒಂದು ಕ್ಷಣಕ್ಕೆ ಬಾಣದ ಹಾಗೆ ಏರಿ ಇಳಿಯುತ್ತದೆ. ಆಂಪ್ಲಿಫೈಯರಿಗೆ ಆ ಕ್ಷಣದಲ್ಲಿ ಉಸಿರು ಸಾಲದಿದ್ದರೆ ಚೆಂಡೆ ಡಬ್ಬದ ಸದ್ದಾಗುತ್ತದೆ.

ಇಲ್ಲಿ ಬಾಕ್ಸಿನ ಮೇಲಿನ ಎರಡು ಅಂಕಿ ನೋಡಬೇಕು. ಒಂದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ವ್ಯಾಟಿಗೆ ಎಷ್ಟು ಜೋರು ಬರುತ್ತದೆ ಅನ್ನುವುದು, ಡೆಸಿಬೆಲ್‌ನಲ್ಲಿ. 87 ಇರುವ ಸ್ಪೀಕರಿಗೆ 100 ವ್ಯಾಟ್ ಕೊಟ್ಟಾಗ ಬರುವ ಜೋರು 90 ಇರುವುದಕ್ಕೆ 50 ವ್ಯಾಟಿನಲ್ಲೇ ಬರುತ್ತದೆ. ಮೂರು ಡೆಸಿಬೆಲ್ ಅಂದರೆ ವ್ಯಾಟ್ ಇಮ್ಮಡಿ. ಕ್ಲಿಪ್ಶ್‌ನಂಥ ಕಹಳೆ ಮಾದರಿಯವು ಕಡಿಮೆ ವ್ಯಾಟಿನಲ್ಲೇ ಕೂಗುತ್ತವೆ. ಇನ್ನೊಂದು ಓಮ್, ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. 8 ಸಲೀಸು. 4 ಓಮ್‌ನವು ಅಷ್ಟೇ ವೋಲ್ಟೇಜಿಗೆ ಎರಡು ಪಟ್ಟು ಕರೆಂಟು ಎಳೆಯುತ್ತವೆ, ಸಾದಾ ಹೋಮ್ ಥಿಯೇಟರ್ ರಿಸೀವರ್ ಬಿಸಿಯಾಗಿ ಕೈಚೆಲ್ಲಬಹುದು. ವ್ಯಾಟ್ ಜಾಸ್ತಿ ಇದ್ದರೆ ಸ್ಪೀಕರ್ ಸುಟ್ಟುಹೋಗುತ್ತದೆ ಅನ್ನುವ ಹೆದರಿಕೆ ಹಲವರಿಗೆ. ಸಣ್ಣ ಆಂಪನ್ನು ಕೊನೆವರೆಗೆ ತಿರುಗಿಸಿ ಶಬ್ದ ಒಡೆಯುವಾಗಲೂ ಟ್ವೀಟರ್ (ಕೀರಲು ದನಿಯ ಸಣ್ಣ ಕೋನು) ಹೋಗುತ್ತದೆ, ಅದು ಯಾರಿಗೂ ನೆನಪಿರುವುದಿಲ್ಲ.

ಕೇಳಲು ಹೋಗುವಾಗ

ಮಂಗಳೂರಿಗೋ ಕೊಚ್ಚಿಗೋ ಬೆಂಗಳೂರಿಗೋ ಹೋಗುವುದಾದರೆ ನಿಮ್ಮ ಹಾಡು ನೀವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರ ಹಾಡು ಯಾವ ಸ್ಪೀಕರಿನಲ್ಲೂ ಚಂದವೇ. ಬಯಲಾಟದ ಒಂದು ಒಳ್ಳೆಯ ಧ್ವನಿಮುದ್ರಣ, ನೂರು ಸಲ ಕೇಳಿದ ಒಂದು ಹೆಣ್ಣುದನಿ, ಒಂದು ಮೃದಂಗ ತನಿ. ಸಾಕು.

ಎರಡು ಜೋಡಿ ಹೋಲಿಸುವಾಗ ಜೋರು ಒಂದೇ ಇರಬೇಕು. ಒಂದು ಡೆಸಿಬೆಲ್ ಹೆಚ್ಚಿದ್ದದ್ದು ಕಿವಿಗೆ "ಒಳ್ಳೆಯದು" ಅನ್ನಿಸಿಬಿಡುತ್ತದೆ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿ, ಕೂತ ಜಾಗದಲ್ಲೇ ಹಿಡಿದು ಸರಿಮಾಡಿ. ಸಾಧ್ಯವಾದರೆ ಕಣ್ಣು ಮುಚ್ಚಿ, ಬದಲಾಯಿಸುವ ಕೆಲಸ ಬೇರೆಯವರಿಗೆ ಬಿಡಿ. ತಮಾಷೆಗೆ ಹೇಳಿದ್ದಲ್ಲ. ಫ್ಲಾಯ್ಡ್ ಟೂಲ್ ಅನ್ನುವ ವಿಜ್ಞಾನಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದರು. ಸ್ಪೀಕರ್ ಕಣ್ಣಿಗೆ ಕಂಡರೆ ಜನರ ಮಾರ್ಕು ಬದಲಾಗುತ್ತದೆ. ಕಾಣದೆ ಕೇಳಿದಾಗ ಹೆಚ್ಚಿನವರು ಮೆಚ್ಚುವುದು ಏರಿಳಿತವಿಲ್ಲದ, ಸಮನಾದ ದನಿಯನ್ನೇ. ಮೊದಲ ಐದು ನಿಮಿಷ ಮಿಂಚುವ ಸ್ಪೀಕರ್ ಮನೆಯಲ್ಲಿ ಅರ್ಧ ಗಂಟೆಗೆ ತಲೆನೋವು ತರುತ್ತದೆ, ಇದು ನನ್ನ ಅನುಭವ.

ಹಳೆಯದು ಕೊಳ್ಳುವವರು ವೂಫರಿನ (ಆಳದ ದನಿಯ ದೊಡ್ಡ ಕೋನಿನ) ಅಂಚು ಮುಟ್ಟಿ ನೋಡಿ. ಫೋಮ್ ಆದರೆ ನಮ್ಮ ತೇವಕ್ಕೆ ಪುಡಿಯಾಗುತ್ತದೆ. ರಬ್ಬರ್ ಬಾಳುತ್ತದೆ. ಒಂದೊಂದು ಕೋನಿಗೂ ಕಿವಿ ಹಚ್ಚಿ, ಟ್ವೀಟರ್ ಸತ್ತದ್ದು ದೂರಕ್ಕೆ ಗೊತ್ತಾಗುವುದಿಲ್ಲ.

ಮನೆಗೆ ಬಂದ ಮೇಲೆ

ಮೂಲೆಯಿಂದ ಹೊರಗೆ ತನ್ನಿ. ಹಿಂದಿನ ಗೋಡೆಯಿಂದ ಎರಡು ಅಡಿಯಿಂದ ಶುರುಮಾಡಿ, ಅರ್ಧರ್ಧ ಅಡಿ ಸರಿಸುತ್ತಾ ಕೇಳಿ. ಎರಡು ಸ್ಪೀಕರ್ ಮತ್ತು ನೀವು ಸಮಬಾಹು ತ್ರಿಕೋನದ ಮೂರು ಮೂಲೆ. ನೀವು ಮಾತ್ರ ಹಿಂದಿನ ಗೋಡೆಗೆ ತಲೆ ತಾಗಿಸಿ ಕೂರಬೇಡಿ, ಬಾಸ್, ಅಂದರೆ ಆಳದ ದನಿ, ಅಲ್ಲಿ ರಾಶಿ ಬೀಳುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಸರಿಯಾದಾಗ ಭಾಗವತರು ಎರಡರ ನಡುವಿನ ಖಾಲಿ ಜಾಗದಲ್ಲಿ ಕೂತು ಹಾಡುತ್ತಾರೆ. ಅವರು ಎಲ್ಲೂ ನಿಲ್ಲದೆ ತೇಲುತ್ತಿದ್ದು, ಬಾಸೂ ತೆಳುವಾಗಿದ್ದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವಯರು ಅದಲುಬದಲಾಗಿದೆ.

ನೆಂಟರ ಮನೆಯಲ್ಲಿ ಮಾಡಿದ್ದು ಇಷ್ಟೇ. ಎರಡೂವರೆ ಅಡಿ ಮುಂದೆ ತಂದೆವು. ಮದುವೆಮನೆಗೆಂದು ಅಟ್ಟದಲ್ಲಿದ್ದ ಜಮಖಾನ ಹಾಸಿದೆವು, ಎರಡು ಹತ್ತಿಯ ಹಾಸಿಗೆ ತಂದು ಮೂಲೆಗೆ ನಿಲ್ಲಿಸಿದೆವು. ಗುಂಯ್ ಪೂರ್ತಿ ಹೋಗಲಿಲ್ಲ, ಪದ್ಯದ ಅಕ್ಷರ ಮಾತ್ರ ಬಂತು. ಮನೆಯಾಕೆ ಹಾಸಿಗೆ ನೋಡಿ "ಇದು ಇಲ್ಲೇ ಇರುವುದಾ ಮಾರಾಯ್ರೇ?" ಅಂತ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅಪ್‌ಗ್ರೇಡ್ ಯಾವ ಸಾಲಿನಲ್ಲಿ?

ಮೊದಲು ಸ್ಪೀಕರ್ ನಿಲ್ಲಿಸುವ ಜಾಗ, ಆಮೇಲೆ ಕೋಣೆ, ಸ್ಪೀಕರ್, ಆಂಪ್. ವಯರು ಕೊನೆಗೆ. ಮನೆಯ ವಯರಿಂಗಿಗೆ ಹಾಕುವ 2.5 ಚದರ ಮಿ.ಮೀ. ತಾಮ್ರದ ವಯರು ಐದು ಮೀಟರಿಗೆ ಧಾರಾಳ. ಬೆರಳು ದಪ್ಪದ ಸಾವಿರಾರು ರೂಪಾಯಿಯ ಕೇಬಲಿನಿಂದ ನನ್ನ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ. ಅದೇ ದುಡ್ಡಿಗೆ ಯುಮಿಕ್-1ರಂಥ ಅಳತೆ ಮೈಕು ತನ್ನಿ, ಆರ್‌ಇಡಬ್ಲ್ಯು ಅನ್ನುವ ಉಚಿತ ತಂತ್ರಾಂಶ ಲ್ಯಾಪ್‌ಟಾಪಿಗೆ ಹಾಕಿ. ಯಾವ ಹರ್ಟ್ಸ್ ಎಷ್ಟು ಉಬ್ಬಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಆಮೇಲೆ ಆಂಪ್ ಕೊಳ್ಳುವಾಗ ಡಿರಾಕ್‌ನಂಥ ಕೋಣೆ ಸರಿಪಡಿಸುವ ಸೌಕರ್ಯ ಇರುವುದನ್ನು ನೋಡಿ. ಉಬ್ಬನ್ನು ಅದು ತಗ್ಗಿಸಬಲ್ಲದು. ಚಪ್ಪಾಳೆಯ ಟ್ರ್ರಿಂಗನ್ನು ಯಾವ ಯಂತ್ರವೂ ನುಂಗುವುದಿಲ್ಲ.

ಮಳೆಗಾಲದ ಮಾತು

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರು ನಮ್ಮದು. ಸ್ಪೀಕರಿನ ಪೆಟ್ಟಿಗೆ ಹೆಚ್ಚಾಗಿ ಎಂಡಿಎಫ್ ಅನ್ನುವ ಮರದ ನಾರು ಒತ್ತಿ ಮಾಡಿದ ಹಲಗೆ, ತಳದಿಂದ ನೀರು ಎಳೆದರೆ ಊದುತ್ತದೆ. ನೆಲ ಒರೆಸುವವರಿಗೆ ಮೊದಲೇ ಹೇಳಿಡಿ. ಚೂಪು ಕಾಲಿನ ಕೆಳಗೆ ಲೋಹದ ಬಿಲ್ಲೆ ಇಟ್ಟರೆ ಟೈಲ್ಸೂ ಉಳಿಯುತ್ತದೆ. ವೃಷಭ ತಿಂಗಳ (ಮೇ-ಜೂನ್) ಸಂಜೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯ ಸಂಜೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಟಿವಿಯ ಡಿಶ್ ಕೇಬಲು, ಇಂಟರ್ನೆಟ್ಟಿನ ವಯರು ಆಂಪಿಗೆ ಸೇರಿದ್ದರೆ ಅದನ್ನೂ ಬಿಡಿಸಿ.

ಇನ್ನೊಂದು ಇದೆ, ಯಾವ ಕಂಪನಿಯ ಪುಸ್ತಕದಲ್ಲೂ ಕಾಣದ್ದು. ಒಂದು ವರ್ಷ ನನ್ನ ಎಡಗಡೆಯ ಸ್ಪೀಕರ್ ಗೊರಗೊರ ಅನ್ನತೊಡಗಿತು. ವೂಫರ್ ಹೋಯಿತು ಅಂತಲೇ ತಿಳಿದೆ, ಹೊಸದಕ್ಕೆ ರೇಟೂ ಕೇಳಿದೆ. ಕೊನೆಗೆ ಪೆಟ್ಟಿಗೆಯ ಹಿಂದಿನ ಪೋರ್ಟಿಗೆ, ಅಂದರೆ ಗಾಳಿಯ ತೂತಿಗೆ, ಟಾರ್ಚ್ ಬಿಟ್ಟರೆ ಒಳಗೆ ಕುಂಬಾರ ಹುಳು ಚಂದಕ್ಕೆ ಮಣ್ಣಿನ ಗೂಡು ಕಟ್ಟಿದೆ. ಒಣಗಿದ ತುಂಡೊಂದು ಒಳಗೆ ಉದುರಿ ಕುಣಿಯುತ್ತಿತ್ತು. ಈಗ ಪೋರ್ಟಿಗೆ ಹಳೆಯ ಸಾಕ್ಸ್ ತುರುಕಿ ಇಡುತ್ತೇನೆ. ಬಾಸ್ ಸ್ವಲ್ಪ ತಗ್ಗುತ್ತದೆ, ನನ್ನ ಸಣ್ಣ ಚಾವಡಿಗೆ ಅದೂ ಒಳ್ಳೆಯದೇ ಆಯಿತು. ಸಿನಿಮಾ ಹಾಕುವ ದಿನ ತೆಗೆಯುತ್ತೇನೆ, ನೆನಪಾದರೆ.