ಪಿಠ್ಲಾ, ಆಮ್ಟಿ, ಥಾಲಿಪೀಠ: ಮನೆಯಲ್ಲಿ ಮಾಡಬಹುದಾದ ಮರಾಠಿ ಅಡುಗೆ

ಮರಾಠಿ ಅಡುಗೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ವಡಾಪಾವ್ ಮತ್ತು ಮಿಸಳ್. ಅವು ಪೇಟೆಯ ತಿಂಡಿಗಳು. ಮಹಾರಾಷ್ಟ್ರದ ಮನೆಯೂಟದ ನಿಜವಾದ ರುಚಿ ತಿಳಿಯಬೇಕಾದರೆ ಪಿಠ್ಲಾ, ಆಮ್ಟಿ ಮತ್ತು ಥಾಲಿಪೀಠದಿಂದ ಆರಂಭಿಸುವುದು ಒಳ್ಳೆಯದು. ಇವಕ್ಕೆ ಬೇಕಾಗುವ ಸಾಮಗ್ರಿಗಳಲ್ಲಿ ಬಹುಪಾಲು ನಮ್ಮ ಡಬ್ಬಿಗಳಲ್ಲಿಯೇ ಇರುತ್ತವೆ.

ಅತಿ ಸುಲಭವಾದುದು ಪಿಠ್ಲಾ. ಒಂದು ಲೋಟ ಕಡಲೆಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿಟ್ಟುಕೊಳ್ಳಬೇಕು. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಇಂಗು, ಜಜ್ಜಿದ ಏಳೆಂಟು ಎಸಳು ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿ ಹಾಕಿ, ಹೆಚ್ಚಿದ ಈರುಳ್ಳಿಯನ್ನು ಮೆತ್ತಗಾಗುವವರೆಗೆ ಬಾಡಿಸಿ, ಅರಿಸಿನ, ಉಪ್ಪು ಮತ್ತು ಎರಡು ಲೋಟ ನೀರು ಸೇರಿಸಬೇಕು. ನೀರು ಮರಳತೊಡಗಿದಾಗ ಕದಡಿದ ಹಿಟ್ಟನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ, ಇನ್ನೊಂದು ಕೈಯಿಂದ ಬಿಡದೆ ತಿರುವಬೇಕು. ಆಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ನಡುನಡುವೆ ತಿರುವುತ್ತಾ ಏಳೆಂಟು ನಿಮಿಷ ಬೇಯಿಸಿದರೆ ಹಸಿವಾಸನೆ ಹೋಗಿ ಮೇಲೆ ಹೊಳಪು ಬರುತ್ತದೆ. ಆರಿದಂತೆ ಗಟ್ಟಿಯಾಗುವುದರಿಂದ ಕೊಂಚ ತೆಳ್ಳಗಿರುವಾಗಲೇ ಇಳಿಸುವುದು ಉತ್ತಮ. ನೀರು ಕಡಿಮೆ ಮಾಡಿ ಉದುರುದುರಾಗಿ ಮಾಡಿದರೆ ಅದೇ ಝುಣಕ. ಉತ್ತರ ಕರ್ನಾಟಕದವರಿಗೆ ಇದನ್ನಾಗಲಿ, ಜೊತೆಗೆ ಬಡಿಸುವ ಜೋಳದ ರೊಟ್ಟಿಯನ್ನಾಗಲಿ ಪರಿಚಯಿಸಬೇಕಾಗಿಲ್ಲ.

ಆಮ್ಟಿ ನಮ್ಮ ತೊವ್ವೆ, ಸಾರುಗಳ ಬಳಗದ್ದೇ ಆದರೂ ಅದರ ಪರಿಮಳ ಬೇರೆ, ಏಕೆಂದರೆ ಅದಕ್ಕೆ ಬೀಳುವುದು ಗೋಡಾ ಮಸಾಲೆ. ಇದನ್ನು ಮನೆಯಲ್ಲಿಯೇ ಹುರಿದು ಪುಡಿ ಮಾಡಿಕೊಳ್ಳುವಂತೆ ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಒಂದು ಬಟ್ಟಲು ಕೊತ್ತಂಬರಿ ಬೀಜಕ್ಕೆ ಕಾಲು ಬಟ್ಟಲು ತುರಿದ ಒಣಕೊಬ್ಬರಿ, ಎರಡು ಚಮಚ ಎಳ್ಳು, ಒಂದು ಚಮಚ ಜೀರಿಗೆ, ಎರಡು ತುಂಡು ಚಕ್ಕೆ, ಆರೇಳು ಲವಂಗ, ಸ್ವಲ್ಪ ಕಾಳುಮೆಣಸು ಮತ್ತು ಎರಡು ಚಮಚ ಕಲ್ಲುಹೂವು ಸಾಕು. ಪ್ರತಿಯೊಂದಕ್ಕೂ ಬೇಕಾಗುವ ಕಾವು ಬೇರೆಯಾದ್ದರಿಂದ ಎಲ್ಲವನ್ನೂ ಒಟ್ಟಿಗೆ ಸುರಿಯದೆ ಬೇರೆ ಬೇರೆಯಾಗಿ ಹುರಿಯಬೇಕು. ಕೊಬ್ಬರಿ ಗಾಢ ಕಂದು ಬಣ್ಣಕ್ಕೆ ತಿರುಗಬೇಕೇ ಹೊರತು ಕಪ್ಪಾಗಬಾರದು. ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ. ಕಲ್ಲುಹೂವನ್ನು ತುಸು ಎಣ್ಣೆಯಲ್ಲಿ ಕ್ಷಣಕಾಲ ಬಿಸಿ ಮಾಡಿದೊಡನೆ ಅದರ ವಿಶಿಷ್ಟ ಘಮ ಅಡುಗೆಮನೆಯನ್ನೆಲ್ಲ ತುಂಬುತ್ತದೆ, ಮತ್ತು ಈ ಮಸಾಲೆಯ ಗುರುತೇ ಆ ಘಮ.

ಅರ್ಧ ಬಟ್ಟಲು ತೊಗರಿಬೇಳೆಯನ್ನು ನುಣ್ಣಗೆ ಬೇಯಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಸೇರಿಸಿ, ನೀರು ಬೆರೆಸಿ ಕುದಿಯಲಿಟ್ಟ ಮೇಲೆ ಒಂದೂವರೆ ಚಮಚ ಮಸಾಲೆ, ನಾಲ್ಕು ಕೋಕಂ ಸಿಪ್ಪೆ ಮತ್ತು ಸಣ್ಣ ನಿಂಬೆಗಾತ್ರದ ಬೆಲ್ಲ ಹಾಕಬೇಕು. ಕೋಕಂ ಎಂದರೆ ಕರಾವಳಿಯವರ ಪುನರ್ಪುಳಿ. ಸಿಗದಿದ್ದರೆ ಹುಣಸೆಹಣ್ಣೂ ಆಗುತ್ತದೆ. ಹುಳಿ ಮತ್ತು ಸಿಹಿಗಳಲ್ಲಿ ಯಾವುದೂ ಮುಂದಾಗದಂತೆ ರುಚಿ ನೋಡಿ ಸರಿಪಡಿಸಿಕೊಳ್ಳಬೇಕು.

ಥಾಲಿಪೀಠವೆಂದರೆ ಹಲವು ಧಾನ್ಯ, ಬೇಳೆಗಳ ಹಿಟ್ಟಿನಿಂದ ತಟ್ಟಿ ಬೇಯಿಸುವ ದಪ್ಪನೆಯ ರೊಟ್ಟಿ. ಅದಕ್ಕೆ ಬೇಕಾದುದು ಭಾಜಣಿ ಹಿಟ್ಟು. ಜೋಳ, ಸಜ್ಜೆ, ಅಕ್ಕಿ ತಲಾ ಎರಡು ಬಟ್ಟಲು, ಕಡಲೆಬೇಳೆ, ಉದ್ದಿನಬೇಳೆ ತಲಾ ಒಂದು ಬಟ್ಟಲು, ಜೊತೆಗೆ ಅರ್ಧ ಬಟ್ಟಲು ಕೊತ್ತಂಬರಿ ಬೀಜ ತೆಗೆದುಕೊಂಡು, ಒಂದೊಂದನ್ನೂ ಬೇರೆಯಾಗಿ ಹುರಿದು ಗಿರಣಿಯಲ್ಲಿ ಬೀಸಿಸಬೇಕು. ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಖಾರದ ಪುಡಿ, ಓಂಕಾಳು, ಉಪ್ಪು ಬೆರೆಸಿ, ಬಿಸಿನೀರಿನಲ್ಲಿ ಮೆತ್ತಗೆ ಕಲಸಿ, ಒದ್ದೆ ಬಟ್ಟೆಯ ಮೇಲೆ ತಟ್ಟಬೇಕು. ನಡುವೆ ನಾಲ್ಕೈದು ತೂತು ಮಾಡಿ, ಬಟ್ಟೆಯೊಡನೆಯೇ ಎತ್ತಿ ಕಾದ ಹಂಚಿಗೆ ಬೋರಲಾಗಿ ಹಾಕಿ, ಬಟ್ಟೆಯನ್ನು ನಿಧಾನವಾಗಿ ಸುಲಿದು ತೆಗೆದು, ತೂತುಗಳಿಗೂ ಅಂಚಿಗೂ ಎಣ್ಣೆ ಬಿಡಬೇಕು. ತೂತುಗಳ ಮೂಲಕ ಎಣ್ಣೆ ಅಡಿಗಿಳಿಯುವುದರಿಂದ ದಪ್ಪನೆಯ ರೊಟ್ಟಿಯೂ ನಡುವಿನವರೆಗೆ ಗರಿಗರಿಯಾಗಿ ಬೇಯುತ್ತದೆ. ಮೇಲೆ ಬೆಣ್ಣೆ ಇಟ್ಟು, ಬಿಸಿಯಿರುವಾಗಲೇ ಬಡಿಸಬೇಕು.

ಪೂರಣಪೋಳಿಯನ್ನು ಹೋಳಿಹುಣ್ಣಿಮೆಗೆ ಮಾಡುವುದಾದರೆ, ಕಡಲೆಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ. ಅದಕ್ಕೆ ಒಂದೆರಡು ಚಮಚ ಪೂರಣ, ಹುಣಸೆರಸ, ಇದೇ ಗೋಡಾ ಮಸಾಲೆ ಸೇರಿಸಿ ಕುದಿಸಿದರೆ ಕಟಾಚಿ ಆಮ್ಟಿ ಸಿದ್ಧವಾಗುತ್ತದೆ. ನಮ್ಮ ಹೋಳಿಗೆ ಸಾರಿನ ಹತ್ತಿರದ ನೆಂಟ. ಮರುದಿನ ಅನ್ನಕ್ಕೆ ಕಲಸಿಕೊಂಡರೆ ಇನ್ನೂ ಚೆನ್ನಾಗಿರುತ್ತದೆ.