ಆರು ಮಂದಿಗೆ ಒಂದೇ ಖಾಲಿ ಜಾಗ: ಫೂಟಿಯಲ್ಲಿ ಫಾರ್ವರ್ಡ್ ಲೈನ್ ಕಟ್ಟುವುದು ಹೇಗೆ?

ಭಾನುವಾರ ಬೆಳಿಗ್ಗೆ ಮೆಲ್ಬರ್ನಿನ ಯಾವ ಬಡಾವಣೆಯ ಮೈದಾನಕ್ಕೆ ಹೋದರೂ ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ಮಕ್ಕಳಲ್ಲಿ ಇದನ್ನು ನೋಡಬಹುದು. ನಡುಮೈದಾನದಿಂದ ಹುಡುಗನೊಬ್ಬ ಚೆಂಡನ್ನು ಎತ್ತರಕ್ಕೆ ಒದೆಯುತ್ತಾನೆ. ಅದು ಬೀಳುವ ಕಡೆಗೆ ಅವನದೇ ತಂಡದ ನಾಲ್ವರು ಓಡುತ್ತಾರೆ. ನಾಲ್ವರೂ ಒಟ್ಟಿಗೆ ಹಾರುತ್ತಾರೆ. ಒಬ್ಬನ ಕೈ ಇನ್ನೊಬ್ಬನಿಗೆ ತಾಗಿ ಚೆಂಡು ನೆಲಕ್ಕೆ ಬೀಳುತ್ತದೆ. ಎತ್ತಿಕೊಳ್ಳೋಣ ಅಂದರೆ ಕೆಳಗೆ ಅವರ ತಂಡದವರು ಒಬ್ಬರೂ ಇಲ್ಲ. ಎದುರಾಳಿ ಆರಾಮಾಗಿ ಎತ್ತಿಕೊಂಡು ಹೋಗುತ್ತಾನೆ. ಬೇಲಿಯ ಹೊರಗೆ ನಿಂತ ಅಪ್ಪ ಅಮ್ಮಂದಿರು 'ಛೇ, ಬ್ಯಾಡ್ ಲಕ್' ಅನ್ನುತ್ತಾರೆ. ಅದು ಲಕ್ ಅಲ್ಲ. ಯಾರೂ ಕಲಿಸದೇ ಬಿಟ್ಟ ಪಾಠ.

ಮಗ ಆಡುವ ತಂಡದಲ್ಲಿ ಫಾರ್ವರ್ಡ್‌ಗಳಿಗೆ ಅಭ್ಯಾಸ ಮಾಡಿಸುವ ಕೆಲಸ ನನ್ನದು. 14 ವರ್ಷದೊಳಗಿನ ಮಕ್ಕಳು. ಪಾಯಿಂಟ್ ಕುಕ್, ಟಾರ್ನೀಟ್ ಕಡೆ ನೆಲೆಸಿರುವ ನಮ್ಮ ಕನ್ನಡದವರ ಮಕ್ಕಳೂ ಈಗ ಈ ಆಟಕ್ಕೆ ಬರುತ್ತಿದ್ದಾರೆ. ಅವರ ತಂದೆ ತಾಯಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಗೋಲು ಹೊಡೆಯೋದು ಹೇಗೆ ಕಲಿಸ್ತೀರಿ?' ಗೋಲು ಹೊಡೆಯುವುದು ಕೊನೆಯ ಪಾಠ. ಅದಕ್ಕೆ ಮುಂಚೆ ಜಾಗ ಬಿಡುವುದನ್ನು ಕಲಿಯಬೇಕು.

ಮೊದಲು ಆಟ ಅರ್ಥವಾಗಲಿ

ಮೊಟ್ಟೆಯ ಆಕಾರದ ದೊಡ್ಡ ಮೈದಾನ. ಬಾಕ್ಸಿಂಗ್ ಡೇ ಟೆಸ್ಟ್ ನಡೆಯುವ ಎಂಸಿಜಿಯಲ್ಲೇ ಚಳಿಗಾಲದಲ್ಲಿ ಫೂಟಿ ನಡೆಯುತ್ತದೆ. ತಂಡಕ್ಕೆ 18 ಜನ. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ಕೊಡಬಹುದು, ಎಸೆಯುವಂತಿಲ್ಲ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡರ ಮಧ್ಯೆ ಒದ್ದರೆ 6 ಅಂಕ. ಅದರ ಆಚೆ ಈಚೆ ಹೋದರೆ 1 ಅಂಕ. 15 ಮೀಟರ್ ಅಥವಾ ಹೆಚ್ಚು ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿದರೆ ಅದು 'ಮಾರ್ಕ್'. ಆಮೇಲೆ ಯಾರೂ ನಿಮ್ಮ ಮೇಲೆ ಬೀಳುವಂತಿಲ್ಲ. ನಿಧಾನವಾಗಿ ಗೋಲಿಗೆ ಒದೆಯಬಹುದು. ಆಫ್‌ಸೈಡ್ ಅನ್ನುವ ನಿಯಮವೇ ಇಲ್ಲ. ನಾವು ಹೊಡೆಯಬೇಕಾದ ಗೋಲಿನ ಕಡೆ ನಿಲ್ಲುವ ಆರು ಮಂದಿಯೇ ಫಾರ್ವರ್ಡ್ ಲೈನ್.

ಹಂತ 1: ಆರು ಜನರನ್ನು ಆರಿಸುವುದು

ಆರೂ ಜನ ಎತ್ತರದವರು ಬೇಡ. ನನ್ನ ಲೆಕ್ಕ ಹೀಗಿದೆ: ಇಬ್ಬರು ಎತ್ತರದವರು, ಎತ್ತರಕ್ಕೂ ನೆಲಕ್ಕೂ ಸಲ್ಲುವ ಒಬ್ಬ, ಚುರುಕು ಕಾಲಿನ ಸಣ್ಣವರು ಮೂವರು. ಮೂರನೆಯ ಎತ್ತರದವನನ್ನು ಸೇರಿಸುವ ಆಸೆ ಎಲ್ಲ ಕೋಚ್‌ಗಳಿಗೂ ಬರುತ್ತದೆ. ತಡೆದುಕೊಳ್ಳಿ.

ಫೂಟಿಯ ಅತಿ ದೊಡ್ಡ ಲೀಗ್ ಎಎಫ್‌ಎಲ್‌ನ 2017ರ ಫೈನಲ್ ನೋಡಿ. ಅಡಿಲೇಡ್ ಆ ವರ್ಷ ಎಲ್ಲರಿಗಿಂತ ಜಾಸ್ತಿ ಅಂಕ ಗಳಿಸಿದ್ದ ತಂಡ. ಎದುರಿಗಿದ್ದ ರಿಚ್ಮಂಡ್‌ನಲ್ಲಿ ನಿಜವಾದ ಎತ್ತರದ ಫಾರ್ವರ್ಡ್ ಒಬ್ಬನೇ, ಜ್ಯಾಕ್ ರೀವೋಲ್ಟ್. ಅವನ ಸುತ್ತ ಡೇನಿಯಲ್ ರಿಯೋಲಿ, ಜೇಸನ್ ಕ್ಯಾಸ್ಟಾನ್ಯಾ, ಡ್ಯಾನ್ ಬಟ್ಲರ್‌ರಂಥ ಸಣ್ಣ ಆಳುಗಳು. ರಿಚ್ಮಂಡ್ 48 ಅಂಕಗಳಿಂದ ಗೆದ್ದಿತು. 37 ವರ್ಷಗಳ ನಂತರ ಬಂದ ಕಪ್ ಅದು.

ಒಬ್ಬ ದೊಡ್ಡ ಆಟಗಾರನ ಮೇಲೆ ಎಲ್ಲ ಭಾರ ಹಾಕುವುದೂ ತಪ್ಪು. ಲ್ಯಾನ್ಸ್ ಫ್ರ್ಯಾಂಕ್ಲಿನ್ 2008ರಲ್ಲಿ ಹಾಥಾರ್ನ್ ಪರ ಒಂದೇ ಸೀಸನ್‌ನಲ್ಲಿ 113 ಗೋಲು ಹೊಡೆದವನು. 2013ರ ಕೊನೆಗೆ ಅವನು ಸಿಡ್ನಿ ತಂಡಕ್ಕೆ ಹೋದ. ಮುಂದಿನ ವರ್ಷ ಫೈನಲ್‌ನಲ್ಲಿ ಎದುರಾದವರು ಅದೇ ಹಾಥಾರ್ನ್, ಅದೇ ಫ್ರ್ಯಾಂಕ್ಲಿನ್ ಇದ್ದ ಸಿಡ್ನಿ. ಹಾಥಾರ್ನ್ 63 ಅಂಕಗಳಿಂದ ಗೆದ್ದಿತು. ರಫ್‌ಹೆಡ್, ಗನ್‌ಸ್ಟನ್, ಬ್ರೂಸ್ಟ್, ಪುಪೊಲೊ, ಹೀಗೆ ಹಾಥಾರ್ನ್‌ನ ಫಾರ್ವರ್ಡ್‌ಗಳು ಹಲವರು: ಯಾರಿಗೆ ಚೆಂಡು ಬರುತ್ತದೆ ಅಂತ ಎದುರಾಳಿಗೆ ಮೊದಲೇ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಬೇಕು. ಮಕ್ಕಳ ತಂಡಗಳಲ್ಲಿ ಎಲ್ಲರಿಗಿಂತ ಎತ್ತರದ ಹುಡುಗನನ್ನು ಗೋಲಿನ ಮುಂದೆ ನಿಲ್ಲಿಸಿ, ಎಲ್ಲ ಚೆಂಡನ್ನೂ ಅವನ ತಲೆಯ ಮೇಲೆ ಒದೆಯುವುದು. 10 ವರ್ಷದ ಮಕ್ಕಳಲ್ಲಿ ಇದು ನಡೆಯುತ್ತದೆ. 14 ಆಗುವಷ್ಟರಲ್ಲಿ ಉಳಿದವರೂ ಉದ್ದ ಆಗಿರುತ್ತಾರೆ. ಆಗ ಆ ಹುಡುಗನಿಗೆ ಓಡುವುದು ಗೊತ್ತಿರುವುದಿಲ್ಲ. ಪಾಪ, ಅವನಿಗೆ ಅನ್ಯಾಯ ಮಾಡಿದಂತೆ ಅಲ್ವಾ? ದಯವಿಟ್ಟು ಬೇಡ.

ಹಂತ 2: ಲೀಡ್

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಫಾರ್ವರ್ಡ್ ಒಬ್ಬ ತನ್ನನ್ನು ಕಾಯುತ್ತಿರುವ ಡಿಫೆಂಡರ್‌ನನ್ನು ಹಿಂದೆ ಬಿಟ್ಟು, ಚೆಂಡು ಒದೆಯುವವನ ಕಡೆಗೆ ರಭಸದಿಂದ ಓಡುತ್ತಾನಲ್ಲ, ಅದಕ್ಕೆ ಲೀಡ್ ಅನ್ನುತ್ತಾರೆ. ನೋಡಲು ಸುಲಭ. ಸುಮ್ನೆ ಓಡಿದರಾಯಿತು ಅನ್ನಿಸುತ್ತದೆ. ಆದರೆ ಒಂದು ಒಳ್ಳೆಯ ಲೀಡ್‌ನಲ್ಲಿ ಐದಾರು ತೀರ್ಮಾನಗಳಿವೆ.

ನಿಲ್ಲುವ ಜಾಗದಿಂದ ಶುರು ಮಾಡೋಣ. ಚೆಂಡು ಎಲ್ಲಿ ಬೇಕೋ ಅಲ್ಲಿ ನಿಲ್ಲಬೇಡಿ. ಅಲ್ಲಿ ನಿಂತರೆ ಡಿಫೆಂಡರ್ ಕೂಡ ಅಲ್ಲೇ ನಿಲ್ಲುತ್ತಾನೆ, ಆ ಜಾಗ ತುಂಬಿಹೋಗುತ್ತದೆ. ಇಪ್ಪತ್ತು ಹೆಜ್ಜೆ ದೂರ ನಿಲ್ಲಿ. ಬೇಕಾದ ಜಾಗ ಖಾಲಿಯೇ ಇರಲಿ.

ಇನ್ನು ಹೊರಡುವ ಸಮಯ. ಮಕ್ಕಳು ಹೊರಡುವುದು ನಮ್ಮವನ ಕೈಗೆ ಚೆಂಡು ಸಿಕ್ಕ ತಕ್ಷಣ. ಆಗ ಅವನು ಇನ್ನೂ ಯಾರಿಂದಲೋ ತಪ್ಪಿಸಿಕೊಳ್ಳುತ್ತಿರುತ್ತಾನೆ, ಕಣ್ಣು ನೆಲದ ಕಡೆ ಇರುತ್ತದೆ. ಅವನು ನೋಡುವಷ್ಟರಲ್ಲಿ ಲೀಡ್ ಮುಗಿದಿರುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವ ಮಾತು ಇಷ್ಟೇ: ಒದೆಯುವವನು ತಲೆ ಎತ್ತುವ ತನಕ ನೀನು ಕಾಲು ಎತ್ತಬೇಡ. ಕಬಡ್ಡಿ ನೋಡಿದವರಿಗೆ ಇದು ಹೊಸದಲ್ಲ. ರೈಡರ್ ಕಾಲು ಚಾಚುವ ಮುಂಚೆಯೇ ಮೂಲೆಯವನು ನುಗ್ಗಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಮೊದಲ ಎರಡು ಹೆಜ್ಜೆ ಸುಳ್ಳು ಹೆಜ್ಜೆ. ಗೋಲಿನ ಕಡೆ ಹೊರಟಂತೆ ಮಾಡಿ. ಡಿಫೆಂಡರ್‌ಗೆ ತನ್ನ ತಲೆಯ ಮೇಲಿಂದ ಚೆಂಡು ಹೋಗಿಬಿಡುತ್ತದೆ ಅನ್ನುವ ಭಯ ಯಾವಾಗಲೂ ಇರುತ್ತದೆ. ಅವನ ಮೈತೂಕ ಹಿಂದಕ್ಕೆ ವಾಲಿದ ಗಳಿಗೆಯಲ್ಲಿ ಮುಂದಕ್ಕೆ ತಿರುಗಿ. ಆ ಎರಡು ಹೆಜ್ಜೆಯಲ್ಲಿ ಎರಡು ಮೀಟರ್ ಜಾಗ ಸಿಗುತ್ತದೆ. ಅಷ್ಟು ಸಾಕು.

ಓಡುವ ದಿಕ್ಕು ಒದೆಯುವವನಿಗೆ ನೇರವಾಗಿ ಇರಬಾರದು, ತುಸು ಓರೆಯಾಗಿರಲಿ. ನೇರ ಓಡಿದರೆ ಹಿಂದಿನವನು ನಿಮ್ಮ ಹೆಗಲ ಮೇಲಿಂದ ಮುಷ್ಟಿ ಚಾಚಿ ಚೆಂಡನ್ನು ಗುದ್ದಿ ಕೆಡಿಸುತ್ತಾನೆ. ಓರೆಯಾಗಿ ಓಡಿದರೆ ಒದೆಯುವವನು ಚೆಂಡನ್ನು ಡಿಫೆಂಡರ್ ಇಲ್ಲದ ಬದಿಗೆ, ನಿಮ್ಮ ಮುಂದಿನ ಖಾಲಿ ಜಾಗಕ್ಕೆ ಹಾಕಬಹುದು. ಆದಷ್ಟೂ ಮೈದಾನದ ನಡುವಿನ ಕಡೆಗೇ ಓಡಿ. ಗಡಿಗೆರೆಯ ಕಡೆ ಓಡಿ ಮಾರ್ಕ್ ಹಿಡಿದರೆ ಚಪ್ಪಾಳೆ ಸಿಗುತ್ತದೆ, ಆದರೆ ಅಲ್ಲಿಂದ ಗೋಲಿನ ಕೋನ ತೀರಾ ಇಕ್ಕಟ್ಟು.

ಕೊನೆಯ ಮೂರು ಮೀಟರ್‌ನಲ್ಲಿ ವೇಗ ಇಳಿಸಬೇಡಿ. ನಾನು ಕಂಡ ತಪ್ಪುಗಳಲ್ಲಿ ಅರ್ಧದಷ್ಟು ಇದೇ. ಚೆಂಡು ಹತ್ತಿರ ಬಂತು ಅಂತ ಹುಡುಗ ನಿಂತು, ಎದೆಗೆ ಅವಚಿಕೊಳ್ಳಲು ಕಾಯುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಮುಷ್ಟಿ ಬಂತು. ಓಡುತ್ತಲೇ ಎರಡೂ ಕೈ ಮುಂದೆ ಚಾಚಿ, ಕಣ್ಣಿನ ಮುಂದೆ ಚೆಂಡನ್ನು ಹಿಡಿಯಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಲೀಡ್ ಮಾಡಿದಿರಿ, ಚೆಂಡು ನಿಮಗೆ ಬರಲಿಲ್ಲ. ಆಗ ಏನು ಮಾಡಬೇಕು? ಬಹುತೇಕ ಹುಡುಗರು ಕೈ ಎತ್ತಿಕೊಂಡು ಅಲ್ಲೇ ನಿಲ್ಲುತ್ತಾರೆ. ನಿಂತರೆ ಆ ಜಾಗ ಸತ್ತಂತೆ. ನಿಲ್ಲದೆ ಬಿಲ್ಲಿನ ಹಾಗೆ ಬಾಗಿ ಪಕ್ಕಕ್ಕೆ ಓಡಿ. ನಿಮ್ಮ ಡಿಫೆಂಡರ್ ನಿಮ್ಮ ಜೊತೆಗೇ ಬರುತ್ತಾನೆ. ನೀವು ತೆರವು ಮಾಡಿದ ಜಾಗಕ್ಕೆ ಎರಡನೆಯ ಎತ್ತರದವನು ಹೊರಡಬೇಕು, ನಿಮ್ಮ ಹಿಂದೆ ಎರಡು ಎಣಿಸುವಷ್ಟು ಹೊತ್ತಿಗೆ. ನಾವು ಅಭ್ಯಾಸದಲ್ಲಿ 'ಒಂದು, ಎರಡು' ಅಂತ ಜೋರಾಗಿ ಎಣಿಸುತ್ತೇವೆ. ಇದೇ ಹೊತ್ತಿಗೆ ಬದಿಯ ಇಬ್ಬರು ಸಣ್ಣವರು ತಮ್ಮ ಡಿಫೆಂಡರ್‌ಗಳನ್ನು ನಡುಮೈದಾನದ ಕಡೆಗೆ ಎಳೆದುಕೊಂಡು ಹೋಗಿರಬೇಕು. ಆಗ ಗೋಲಿನ ಮುಂದೆ ಓಡಾಡಲು ಜಾಗ ಇರುತ್ತದೆ.

ಚೆಂಡು ಸಿಗದ ಓಟಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಅದಕ್ಕೇ ನಾನು ನೋಟ್‌ಬುಕ್‌ನಲ್ಲಿ ಗೋಲುಗಳನ್ನು ಬರೆಯುವುದಿಲ್ಲ. ಯಾರು ಯಾರಿಗೆ ಜಾಗ ಬಿಟ್ಟರು ಅನ್ನುವುದನ್ನು ಬರೆದುಕೊಂಡು ಪಂದ್ಯ ಮುಗಿದ ಮೇಲೆ ಓದಿ ಹೇಳುತ್ತೇನೆ. ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ದೊಡ್ಡವರ ಆಟದಲ್ಲೂ ಇದೇ ಕಥೆ. 2018ರ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ವೆಸ್ಟ್ ಕೋಸ್ಟ್‌ನ ಡಾಮ್ ಶೀಡ್ ಗಡಿಗೆರೆಯ ಹತ್ತಿರ ಮಾರ್ಕ್ ಹಿಡಿದ. ಆ ಇಕ್ಕಟ್ಟಾದ ಕೋನದಿಂದ ಗೋಲು ಹೊಡೆದ. ಕಾಲಿಂಗ್‌ವುಡ್ 5 ಅಂಕಗಳಿಂದ ಸೋತಿತು. ಎಲ್ಲರಿಗೂ ನೆನಪಿರುವುದು ಶೀಡ್. ಆದರೆ ಎದುರಾಳಿ ಬ್ರೇಡನ್ ಮೇನಾರ್ಡ್ ಅವನನ್ನು ತಲುಪದಂತೆ ಅಡ್ಡ ನಿಂತವನು ಶೀಡ್‌ನ ತಂಡದವನೇ ಆದ ವಿಲ್ಲಿ ರಿಯೋಲಿ. ಅದು ತಪ್ಪು ಅಂತ ಕಾಲಿಂಗ್‌ವುಡ್‌ನವರು ಇವತ್ತಿಗೂ ವಾದ ಮಾಡುತ್ತಾರೆ. ಮಾರ್ಕ್‌ಗೆ ಹೋಗುವವನನ್ನು ತಡೆಯುವುದು ನಿಯಮದ ಅಂಚಿನ ಕೆಲಸ, ಹಾಗಾಗಿ ಮಕ್ಕಳಿಗೆ ನಾನು ಕಲಿಸುವುದಿಲ್ಲ. ಜೊತೆಯವನಿಗಾಗಿ ದುಡಿಯುವ ಆ ಮನಸ್ಸು ಮಾತ್ರ ಬೇಕು.

ಅಭ್ಯಾಸ ಹೀಗೆ ಮಾಡಿಸಿ. ಒಬ್ಬ ಒದೆಯುವವನು, ಇಬ್ಬರು ಫಾರ್ವರ್ಡ್‌ಗಳು. ಮೊದಲ ಹತ್ತು ನಿಮಿಷ ಡಿಫೆಂಡರ್ ಇಲ್ಲ. ಆಮೇಲೆ ಒಬ್ಬ, ಕೊನೆಗೆ ಇಬ್ಬರು. ನನ್ನ ನಿಯಮ ಒಂದೇ: ಒಂದು ಚೆಂಡಿನ ಕೆಳಗೆ ನಮ್ಮವರೇ ಇಬ್ಬರು ಹಾರಿದರೆ, ಗೋಲು ಬಂದರೂ ಲೆಕ್ಕಕ್ಕಿಲ್ಲ.

ಒದೆಯುವವರಿಗೂ ಎರಡು ಮಾತು. ಕಣ್ಣು ಮುಚ್ಚಿ ಗೋಲಿನ ಕಡೆ ಎತ್ತರಕ್ಕೆ ಒದೆಯುವುದು ಡಿಫೆಂಡರ್‌ಗೆ ಕೊಡುವ ಉಡುಗೊರೆ. ತಗ್ಗಾಗಿ, ಓಡುತ್ತಿರುವವನ ಮುಂದಕ್ಕೆ ಒದೆಯಿರಿ.

ಹಂತ 3: ನೆಲಕ್ಕೆ ಬಿದ್ದ ಚೆಂಡು

ಎಷ್ಟೇ ಒಳ್ಳೆಯ ಲೀಡ್ ಇದ್ದರೂ ಎಷ್ಟೋ ಸಲ ಚೆಂಡು ಕೈಗೆ ಸಿಗದೆ ನೆಲಕ್ಕೆ ಬೀಳುತ್ತದೆ. ಅಲ್ಲಿಂದ ಸಣ್ಣವರ ಆಟ. ಹಾರುವವರ ಗುಂಪಿನ ಕೆಳಗೆ ನುಸುಳಬೇಡಿ. ಗುಂಪಿನ ಎದುರಿಗೆ, ನಾಲ್ಕು ಹೆಜ್ಜೆ ದೂರದಲ್ಲಿ, ಮೊಣಕಾಲು ಬಗ್ಗಿಸಿ ನಿಲ್ಲಿ. ಹಿಂದಿನಿಂದ ಬರುವ ಮುಷ್ಟಿ ಚೆಂಡನ್ನು ಸಾಮಾನ್ಯವಾಗಿ ಆ ಕಡೆಗೇ ತಳ್ಳುತ್ತದೆ. ಇನ್ನೊಬ್ಬ ಗುಂಪಿನ ಹಿಂದೆ, ಗೋಲಿನ ಕಡೆ ಇರಲಿ. ಕೈ ಜಾರಿ ಹಿಂದಕ್ಕೆ ಹೋದದ್ದು ಅವನದು.

ಸಿಗಲಿಲ್ಲವೋ, ಆ ಕ್ಷಣವೇ ನೀವು ಡಿಫೆಂಡರ್. ಎತ್ತಿಕೊಂಡ ಎದುರಾಳಿಯನ್ನು ಹಿಡಿಯಿರಿ. ಅವಕಾಶ ಇದ್ದೂ ಚೆಂಡನ್ನು ಸರಿಯಾಗಿ ದಾಟಿಸದೆ ಸಿಕ್ಕಿಬಿದ್ದರೆ ಫ್ರೀ ಕಿಕ್ ನಿಮ್ಮದು, ಅದೂ ಗೋಲಿನ ಎದುರಿಗೇ. 2017ರ ರಿಚ್ಮಂಡ್ ಗೆದ್ದದ್ದು ಈ ಬಗೆಯ ಆಟದಿಂದ. ಅವರ ಸಣ್ಣವರು ಡಿಫೆಂಡರ್‌ಗಳಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಹಿಡಿಯಲು ಆಗದಿದ್ದರೂ ಬೆನ್ನಟ್ಟಿ. ಹಿಂದೆ ಹೆಜ್ಜೆಯ ಸದ್ದು ಕೇಳಿದವನು ಅವಸರದಲ್ಲಿ ತಪ್ಪು ಒದೆಯುತ್ತಾನೆ.

ಹಂತ 4: ಗೋಲಿಗೆ ಒದೆಯುವುದು

ಪ್ರತಿ ಸಲವೂ ಅಷ್ಟೇ ಹೆಜ್ಜೆ, ಅದೇ ಉಸಿರು, ಅದೇ ಕೈ. ಎಸೆಂಡನ್ ತಂಡದ ಮ್ಯಾಥ್ಯೂ ಲಾಯ್ಡ್ ಒದೆಯುವ ಮುಂಚೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಿದ್ದ. ನಿಮ್ಮದು ಏನೇ ಇರಲಿ, ಬದಲಾಯಿಸಬೇಡಿ.

ಚೆಂಡಿನ ವಿಷಯ ಮಾತ್ರ ಹೇಳಲೇಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಚೆಂಡು ಕೊಳ್ಳಬೇಡಿ. ಒಂದು ವರ್ಷ ನಾವೂ ಕೊಂಡಿದ್ದೆವು, ಹನ್ನೆರಡು ಚೆಂಡು. ಬೆಳಗಿನ ಇಬ್ಬನಿಗೆ ಸೋಪಿನ ಹಾಗೆ ಜಾರುತ್ತಿದ್ದವು. ಕಲ್ಲಿನಂತೆ ಗಟ್ಟಿ. ಬೆರಳಿಗೆ ಪೆಟ್ಟಾಗಿ ಇಬ್ಬರು ಮಕ್ಕಳು ಕೈ ಚಾಚಲು ಹೆದರತೊಡಗಿದರು. ಆ ಹೆದರಿಕೆ ಬಿಡಿಸಲು ಇಡೀ ಚಳಿಗಾಲ ಬೇಕಾಯಿತು. ಮಕ್ಕಳ ಕೈಗೆ ತಕ್ಕ ಅಳತೆಯ ನಾಲ್ಕು ಚರ್ಮದ ಚೆಂಡು ಕೊಳ್ಳಿ, ಸಾಕು.

ಮಳೆ ಬಂದ ದಿನ

ಜುಲೈ, ಆಗಸ್ಟ್‌ನಲ್ಲಿ ಮೆಲ್ಬರ್ನಿನ ಮೈದಾನ ಕೆಸರು. ಒದ್ದೆ ಚೆಂಡನ್ನು ಎತ್ತರದಲ್ಲಿ ಹಿಡಿಯುವುದು ದೊಡ್ಡವರಿಗೂ ಕಷ್ಟ. ಅಂಥ ದಿನ ಎರಡನೆಯ ಎತ್ತರದವನನ್ನು ಬೇರೆ ಜಾಗಕ್ಕೆ ಕಳಿಸಿ ಇನ್ನೊಬ್ಬ ಸಣ್ಣವನನ್ನು ತನ್ನಿ. ಲೀಡ್ ಚಿಕ್ಕದಿರಲಿ. ಬಗ್ಗಿ ಎತ್ತಲು ಹೋಗಿ ಎರಡು ಸಲ ಜಾರಿಸುವ ಬದಲು ನೆಲದ ಮೇಲಿನ ಚೆಂಡನ್ನು ಹಾಗೇ ಗೋಲಿನ ಕಡೆ ಒದ್ದುಬಿಡಿ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಬೆಂಚಿನ ಹತ್ತಿರ ಎರಡು ಒಣ ಟವೆಲ್ ಇಟ್ಟಿರಿ, ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಮುಗಿದಾಗಲೆಲ್ಲ ಮಕ್ಕಳು ಕೈ ಒರೆಸಿಕೊಳ್ಳಲಿ.